ಜಿಲೇಬಿ ತುಂಬಿದ ಹೊಂಡಕ್ಕೆ ಕುಚ್ಚು ಮೀನು ಬಿಡಬಹುದಾ?

ಪ್ರಶ್ನೆ: ತುಮಕೂರು ಜಿಲ್ಲೆಯಲ್ಲಿ ನಮ್ಮ ತೋಟ ಇದೆ. ಅದರಲ್ಲಿ ಹತ್ತು ಗುಂಟೆಯ ಮಣ್ಣಿನ ಹೊಂಡ. ಪಾಲಿಥೀನ್ ಹಾಸಿಲ್ಲ. ಕಳೆದ ವರ್ಷ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ ಸೇರಿಸಿ 500 ಮರಿ ಬಿಟ್ಟಿದ್ದೆವು. ಮಳೆಗಾಲದಲ್ಲಿ ಕೆರೆಯ ಕೋಡಿ ನೀರು ಒಳಗೆ ಬಂತು, ಅದರ ಜತೆ ಜಿಲೇಬಿ (ತಿಲಾಪಿಯಾ) ಮೀನೂ ಬಂತು. ಈಗ ಎಲ್ಲಿ ನೋಡಿದರೂ ಅಂಗೈ ಅಗಲದ ಜಿಲೇಬಿಯೇ. ಕಾಟ್ಲಾ ಕಾಲು ಕಿಲೋ ದಾಟುತ್ತಿಲ್ಲ. ಪಕ್ಕದ ತೋಟದವರು ಕೆರೆಯಲ್ಲಿ ಹಿಡಿದ, ಒಂದೊಂದು ಕಿಲೋ ತೂಗುವ ಹನ್ನೆರಡು ಕುಚ್ಚು ಮೀನು ಕೊಡುತ್ತೇನೆ, ಬಿಟ್ಟುಬಿಡಿ, ಜಿಲೇಬಿಯನ್ನೆಲ್ಲ ತಿಂದುಹಾಕುತ್ತವೆ ಅಂತಿದ್ದಾರೆ. ಬಿಡಬಹುದಾ? ಎಷ್ಟು ಬಿಡಬೇಕು? ಕಾಟ್ಲಾ ಉಳಿಯುತ್ತಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಆ ಹನ್ನೆರಡು ದೊಡ್ಡ ಕುಚ್ಚು ಬೇಡ. ಈ ಬೇಸಿಗೆಯಲ್ಲಿ ಬಲೆ ಎಳೆದು ಜಿಲೇಬಿ ತೆಗೆಯಿರಿ. ಮಳೆ ಹಿಡಿದ ಮೇಲೆ ನಾಲ್ಕೈದು ಇಂಚಿನ ಕುಚ್ಚು ಮರಿ 25 ಬಿಡಿ. ಈಗಿರುವ ಕಾಟ್ಲಾ, ರೋಹುಗೆ ಅವುಗಳಿಂದ ತೊಂದರೆ ಆಗುವುದಿಲ್ಲ. ಇಷ್ಟೇ ಸಾಕು ಅನ್ನಿಸಿದರೆ ಇಲ್ಲಿಗೇ ನಿಲ್ಲಿಸಬಹುದು. ಆದರೆ ಕಾರಣ ಗೊತ್ತಿದ್ದರೆ ಮುಂದಿನ ವರ್ಷ ಹೊಂಡ ನೋಡಿ ನೀವೇ ತೀರ್ಮಾನ ಮಾಡಬಹುದು. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಪ್ರತಿ ಹೊಂಡಕ್ಕೂ ಸಾಕುವ ಶಕ್ತಿಗೆ ಒಂದು ಮಿತಿ ಇರುತ್ತದೆ. ಸಗಣಿ ಗೊಬ್ಬರ ಹಾಕಿ ನೀರನ್ನು ತೆಳು ಹಸಿರಾಗಿ ಇಟ್ಟುಕೊಂಡು, ಬೇರೆ ಆಹಾರ ಹಾಕದಿದ್ದರೆ, ನಿಮ್ಮ ಹತ್ತು ಗುಂಟೆ ಸುಮಾರು 100 ಕಿಲೋ ಮೀನನ್ನು ಸಾಕಬಲ್ಲದು. ಆ 100 ಕಿಲೋ ಅಂದರೆ ಒಂದೊಂದು ಕಿಲೋದ ನೂರು ಮೀನು ಇರಬಹುದು, 20 ಗ್ರಾಂನ ಐದು ಸಾವಿರ ಮೀನೂ ಇರಬಹುದು. ನಿಮ್ಮಲ್ಲಿ ಆಗಿರುವುದು ಎರಡನೆಯದು. ರಾಗಿ ಪೈರು ಒತ್ತಾಗಿ ಬಂದರೆ ತೆನೆ ಕಟ್ಟುವುದಿಲ್ಲ, ಅಲ್ವಾ? ಇಲ್ಲಿ ನಡೆದಿರುವುದೂ ಅದೇ. ಜಿಲೇಬಿಯೂ ಬೆಳೆಯುತ್ತಿಲ್ಲ, ಕಾಟ್ಲಾಗೂ ಮೇವು ಉಳಿಯುತ್ತಿಲ್ಲ.

ಜಿಲೇಬಿಯ ಗುಣ ತಿಳಿದುಕೊಳ್ಳಬೇಕು. ನಮ್ಮ ಕೆರೆಗಳಲ್ಲಿ ಜಾಸ್ತಿ ಕಾಣುವುದು ಮೊಜಾಂಬಿಕ್ ಜಿಲೇಬಿ. ಮೂಲ ಆಫ್ರಿಕಾ. 1952ರಲ್ಲಿ ನಮ್ಮ ದೇಶಕ್ಕೆ ತಂದರು. ಆಮೇಲೆ ಅದು ಹೋಗದ ಕೆರೆ ಕಡಿಮೆ. ಮೇವು ಸಾಲದೆ ಕುಗ್ಗಿದ ಜಿಲೇಬಿ ಬೆಳೆಯುವುದನ್ನು ಬಿಟ್ಟು ಮರಿ ಹಾಕುವುದಕ್ಕೆ ಇಳಿಯುತ್ತದೆ. ಎರಡು ಮೂರು ತಿಂಗಳ ವಯಸ್ಸಿಗೆ, ಮೂರು ನಾಲ್ಕು ಇಂಚು ಉದ್ದ ಇರುವಾಗಲೇ ಮೊಟ್ಟೆ ಇಡುತ್ತದೆ. ತಾಯಿ ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತದೆ. ಹಾಗಾಗಿ ಮೊಟ್ಟೆ ಹಾಳಾಗುವುದು ತೀರಾ ಕಡಿಮೆ. ನೀರು ಬೆಚ್ಚಗಿದ್ದರೆ ತಿಂಗಳು, ಒಂದೂವರೆ ತಿಂಗಳಿಗೆ ಮತ್ತೆ ಇನ್ನೊಂದು ಸಲ.

ಕಾಟ್ಲಾ, ರೋಹು ಹಾಗಲ್ಲ. ಅವು ಮಳೆಗಾಲದಲ್ಲಿ ಹರಿಯುವ ನದಿ ನೀರಿನಲ್ಲಿ ಮೊಟ್ಟೆ ಇಡುವ ಮೀನು. ನಿಂತ ನೀರಿನಲ್ಲಿ ತಾವಾಗಿ ಮರಿ ಮಾಡುವುದಿಲ್ಲ. ಮೊಟ್ಟೆ ಕೇಂದ್ರಗಳಲ್ಲಿ ಹಾರ್ಮೋನ್ ಚುಚ್ಚುಮದ್ದು ಕೊಟ್ಟು ಮರಿ ಮಾಡಿಸುತ್ತಾರೆ. ಅಂದರೆ ನಿಮ್ಮ ಹೊಂಡದಲ್ಲಿ ಹೋದ ಕಾಟ್ಲಾ ಹೋಯಿತು, ಅದರ ಜಾಗಕ್ಕೆ ಇನ್ನೊಂದು ಬರುವುದಿಲ್ಲ. ಹೋದ ಜಿಲೇಬಿಯ ಜಾಗಕ್ಕೆ ತಿಂಗಳಲ್ಲಿ ಹತ್ತು ಬರುತ್ತವೆ. ಬೇಟೆ ಮೀನು, ಅಂದರೆ ಬೇರೆ ಮೀನನ್ನು ತಿನ್ನುವ ಮೀನು, ಬಿಡುವ ಮುಂಚೆ ಯೋಚಿಸಬೇಕಾದ ಮುಖ್ಯ ವಿಷಯ ಇದು. ಗೆಂಡೆ ಮಾತ್ರ ಗಿಡ, ಬೇರುಗಳಿಗೆ ಮೊಟ್ಟೆ ಅಂಟಿಸಿ ಹೊಂಡದಲ್ಲೇ ಮರಿ ಮಾಡಬಲ್ಲದು.

ಈಗ ಕುಚ್ಚು ಮೀನಿನ ಕಡೆ ಬರೋಣ. ಕೆಲವರು ಕೊರವ ಅಂತಾರೆ, ಮೀನುಗಾರಿಕೆ ಇಲಾಖೆಯವರು ಮುರ್ರೆಲ್ ಅಂತಾರೆ. ಹೊಂಚು ಹಾಕಿ ಹಿಡಿಯುವ ಮೀನು. ಗಿಡದ ಮರೆಯಲ್ಲೋ ಕೆಸರಿನ ಪಕ್ಕದಲ್ಲೋ ಅಲ್ಲಾಡದೆ ಇದ್ದು, ಹತ್ತಿರ ಬಂದದ್ದನ್ನು ಒಂದೇ ಸಲ ನುಂಗುತ್ತದೆ. ನುಂಗುವ ಮೀನು ಅಂದಮೇಲೆ ಅದರ ಬಾಯಿ ಎಷ್ಟು ಅಗಲ, ಎದುರಿಗಿರುವ ಮೀನು ಎಷ್ಟು ದಪ್ಪ ಅನ್ನುವುದೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಎಷ್ಟು ಬಿಡಬೇಕು ಅಂತ ಎಲ್ಲರೂ ಕೇಳುತ್ತಾರೆ. ಎಷ್ಟು ಉದ್ದದ್ದು ಬಿಡಬೇಕು ಅಂತ ಕೇಳುವವರು ಅಪರೂಪ. ನನ್ನ ಪ್ರಕಾರ ಎರಡನೆಯ ಪ್ರಶ್ನೆಯೇ ಮೊದಲು ಬರಬೇಕು.

ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ. ಬೇಟೆ ಮೀನು ತನ್ನ ಉದ್ದದ ಮೂರನೇ ಒಂದು ಭಾಗದಷ್ಟಿರುವ ಮೀನನ್ನು ಸಲೀಸಾಗಿ ನುಂಗುತ್ತದೆ. ಸಪೂರ ಮೀನಾದರೆ ಇನ್ನೂ ಸ್ವಲ್ಪ ಉದ್ದದ್ದೂ ಹೋಗುತ್ತದೆ. ಜಿಲೇಬಿ ಅಗಲ ಮೀನು, ಬೆನ್ನ ಮೇಲೆ ಮುಳ್ಳು ಬೇರೆ. ಅದೇ ಉದ್ದದ ಕಾಟ್ಲಾ, ರೋಹು ಮರಿ ಕುಚ್ಚಿಗೆ ಹೆಚ್ಚು ಸುಲಭದ ತುತ್ತು.

ಪಕ್ಕದವರು ಕೊಡುವ ಒಂದು ಕಿಲೋ ಕುಚ್ಚು ಸುಮಾರು ಒಂದೂವರೆ ಅಡಿ ಉದ್ದ ಇರುತ್ತದೆ. ಆರು ಇಂಚಿನೊಳಗಿನ ಮೀನೆಲ್ಲ ಅದಕ್ಕೆ ಆಹಾರ. ನಿಮ್ಮ ಕಾಲು ಕಿಲೋ ಕಾಟ್ಲಾ ಹತ್ತು ಇಂಚಿನ ಹತ್ತಿರ ಇರುವುದರಿಂದ ಅದು ಉಳಿಯುತ್ತದೆ. ಆದರೆ ಮುಂದಿನ ಮಳೆಗಾಲದಲ್ಲಿ ನೀವು ತಂದು ಬಿಡುವ ನಾಲ್ಕು ಇಂಚಿನ ಬಿತ್ತನೆ ಮರಿಗಳನ್ನು ಅವು ಮೊದಲ ವಾರದಲ್ಲೇ ಹುಡುಕಿಕೊಂಡು ತಿನ್ನುತ್ತವೆ. ಹೊಸ ಜಾಗದಲ್ಲಿ ಕಂಗೆಟ್ಟು ಓಡಾಡುವ ಸಪೂರ ಮರಿ ಎದುರಿಗಿರುವಾಗ ಮುಳ್ಳಿನ ಜಿಲೇಬಿಯನ್ನು ಅಟ್ಟಿಸಿಕೊಂಡು ಯಾವ ಮೀನೂ ಹೋಗುವುದಿಲ್ಲ.

ಇನ್ನು ಅವು ಜಿಲೇಬಿಯನ್ನು ಎಷ್ಟು ತಿನ್ನುತ್ತವೆ? ಅಷ್ಟು ದೊಡ್ಡ ಕುಚ್ಚು ದಿನಕ್ಕೆ ಅಂಗೈಯಷ್ಟಿನ ಒಂದು ಜಿಲೇಬಿ ತಿಂದರೆ ಹೊಟ್ಟೆ ತುಂಬುತ್ತದೆ. ಹನ್ನೆರಡು ಕುಚ್ಚಿಗೆ ತಿಂಗಳಿಗೆ 360. ನಿಮ್ಮಲ್ಲಿ ಇರುವುದು ಸಾವಿರಗಟ್ಟಲೆ, ಮೇಲೆ ಹೊಸ ಮರಿಗಳು ಬರುತ್ತಲೇ ಇವೆ. ದೊಡ್ಡ ಕುಚ್ಚು ಕಾಲಿಂಚು, ಅರ್ಧ ಇಂಚಿನ ಮರಿಗಳ ಹಿಂದೆ ಅಷ್ಟಾಗಿ ಬೀಳುವುದಿಲ್ಲ. ಆ ಕೆಲಸ ಮಾಡುವುದು ಸಣ್ಣ ಕುಚ್ಚು. ಅದಕ್ಕೇ ಮರಿ ಕುಚ್ಚು ಬಿಡಿ ಅಂದದ್ದು. ದೊಡ್ಡ ಜಿಲೇಬಿಗೆ ನಿಮ್ಮ ಬಲೆ, ಸಣ್ಣದಕ್ಕೆ ಕುಚ್ಚು. ಎರಡೂ ಒಟ್ಟಿಗೆ ನಡೆಯಬೇಕು. ಬಲೆ ಎಳೆಯದೆ ಕುಚ್ಚಿನ ಮೇಲೇ ಭಾರ ಹಾಕಿದವರ ಹೊಂಡ ಸರಿಹೋದದ್ದನ್ನು ನಾನು ನೋಡಿಲ್ಲ.

ಕೆರೆಯಿಂದ ಹಿಡಿದ ಕುಚ್ಚು ಬೇಡ ಅನ್ನುವುದಕ್ಕೆ ಇನ್ನೊಂದು ಕಾರಣ ಹುಣ್ಣು ರೋಗ. 1988ರಲ್ಲಿ ನಮ್ಮ ದೇಶದಲ್ಲಿ ಮೊದಲು ಕಾಣಿಸಿಕೊಂಡ ಈ ಕಾಯಿಲೆ ಎಲ್ಲಕ್ಕಿಂತ ಹೆಚ್ಚಾಗಿ ತಗಲುವುದು ಕುಚ್ಚಿನ ಜಾತಿಗೇ. ಮಳೆಗಾಲ ಮುಗಿದು ಚಳಿ ಶುರುವಾದಾಗ ಮೈಮೇಲೆ ಕೆಂಪು ಕಲೆ, ಆಮೇಲೆ ಆಳವಾದ ಹುಣ್ಣು ಆಗುತ್ತದೆ. ಗಾಳ, ಬಲೆಯಿಂದ ಮೈ ತರಚಿದ ಮೀನಿಗೆ ಇದು ಬೇಗ ಹತ್ತುತ್ತದೆ. ಪಕ್ಕೆಯಂಥ ಸಣ್ಣ ಮೀನಿಗೂ ಹರಡುತ್ತದೆ.

ಬೇಟೆ ಮೀನು, ಅದಕ್ಕೆ ಆಹಾರವಾಗುವ ಮೇವು ಮೀನು ಎಷ್ಟೆಷ್ಟು ಇರಬೇಕು ಅನ್ನುವುದನ್ನು ಮೊದಲು ಸರಿಯಾಗಿ ಲೆಕ್ಕ ಹಾಕಿದವರು ಅಮೆರಿಕದ ಅಲಬಾಮಾ ರಾಜ್ಯದ ಆಬರ್ನ್‌ನಲ್ಲಿದ್ದ ಹೋಮರ್ ಸ್ವಿಂಗಲ್. 1930ರ ದಶಕದಿಂದ ರೈತರ ಹೊಂಡಗಳ ಮೇಲೆ ಕೆಲಸ ಮಾಡಿದರು. ಹೊಂಡಗಳನ್ನು ಪೂರ್ತಿ ಬರಿದು ಮಾಡಿ, ಒಂದೊಂದು ಜಾತಿಯನ್ನೂ ಬೇರೆ ಮಾಡಿ ತೂಗಿದರು. ಅಲ್ಲಿನ ಬೇಟೆ ಮೀನು ಬಾಸ್, ಮೇವು ಮೀನು ಬ್ಲೂಗಿಲ್. 1950ರಲ್ಲಿ ಅವರು ಪ್ರಕಟಿಸಿದ ಲೆಕ್ಕದ ಪ್ರಕಾರ ಮೇವು ಮೀನಿನ ಒಟ್ಟು ತೂಕ ಬೇಟೆ ಮೀನಿನ ತೂಕದ 3ರಿಂದ 6 ಪಟ್ಟು ಇರುವ ಹೊಂಡ ತುಂಬಾ ಚೆನ್ನಾಗಿ ನಡೆಯುತ್ತದೆ. ಅವರು ಹೇಳಿದ ಇನ್ನೊಂದು ಮಾತು ನಮಗೆ ಇನ್ನೂ ಮುಖ್ಯ. ಮೊದಲು ಮೇವು ಮೀನು ಬಿಡಬೇಕು. ಅದು ನೆಲೆ ನಿಂತು ಮರಿ ಹಾಕುವ ಹೊತ್ತಿಗೆ ಬೇಟೆ ಮೀನಿನ ಮರಿ ಬಿಡಬೇಕು.

ಆ 3ರಿಂದ 6 ಪಟ್ಟಿನ ಲೆಕ್ಕವನ್ನು ಹಾಗೇ ಎತ್ತಿ ನಮ್ಮ ಹೊಂಡಕ್ಕೆ ಹಾಕಬೇಡಿ. ಅಲಬಾಮಾದಲ್ಲಿ ಚಳಿಗಾಲ ಇದೆ, ಬ್ಲೂಗಿಲ್ ಬೆಚ್ಚಗಿನ ತಿಂಗಳುಗಳಲ್ಲಿ ಮಾತ್ರ ಮರಿ ಹಾಕುತ್ತದೆ. ನಮ್ಮ ಜಿಲೇಬಿಗೆ ಡಿಸೆಂಬರ್, ಜನವರಿಯ ಚಳಿ ಬಿಟ್ಟರೆ ಹೆಚ್ಚುಕಡಿಮೆ ವರ್ಷಪೂರ್ತಿ ಸುಗ್ಗಿ. ನಮಗೆ ಹತ್ತಿರದ ಉದಾಹರಣೆ ಥಾಯ್ಲೆಂಡಿನದು. ಅಲ್ಲಿನ ಏಷ್ಯನ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯವರು ಜಿಲೇಬಿ ಹೊಂಡದಲ್ಲಿ ಇದೇ ಕುಚ್ಚನ್ನು ಬಿಟ್ಟು ನೋಡಿದರು. 10 ಜಿಲೇಬಿಗೆ ಒಂದು ಕುಚ್ಚಿನಿಂದ ಹಿಡಿದು 80ಕ್ಕೆ ಒಂದರವರೆಗೆ ಬೇರೆ ಬೇರೆ ಪ್ರಮಾಣ ಇಟ್ಟರು. 80ಕ್ಕೆ ಒಂದು ಇದ್ದ ಕಡೆಯೂ ಹೊಸ ಮರಿಗಳು ಉಳಿಯಲಿಲ್ಲ. ಆದರೆ ಗಮನಿಸಿ, ಅವರು ಶುರು ಮಾಡಿದ್ದು ಎಣಿಸಿ ಬಿಟ್ಟ ಜಿಲೇಬಿಯಿಂದ. ನಿಮ್ಮ ಹಾಗೆ ತುಂಬಿ ತುಳುಕುವ ಹೊಂಡದಿಂದಲ್ಲ. ನೀವು ಮೊದಲು ಆ ಸ್ಥಿತಿಗೆ ಬರಬೇಕು.

ಅದಕ್ಕೆ ಬೇಸಿಗೆಯೇ ಸರಿಯಾದ ಕಾಲ. ನೀರು ಇಳಿದು ಸೊಂಟದ ಮಟ್ಟಕ್ಕೆ ಬಂದಾಗ ಬೆಳಗಿನ ತಂಪಿನಲ್ಲಿ ಎಳೆಬಲೆ ಹಾಕಿ. ಮೊದಲೇ ಒಂದು ಹಾಪಾ (ನೀರಿನೊಳಗೆ ತೊಟ್ಟಿಯಂತೆ ಕಟ್ಟುವ ಬಲೆ) ಕಟ್ಟಿಟ್ಟುಕೊಂಡು, ಸಿಕ್ಕ ಕಾಟ್ಲಾ, ರೋಹುವನ್ನು ಅದಕ್ಕೆ ಬಿಡಿ. ಜಿಲೇಬಿ ಜಾಣ ಮೀನು. ಬಲೆ ಬರುವುದು ಗೊತ್ತಾದರೆ ತಾನು ತೋಡಿದ ಗುಂಡಿಯಲ್ಲಿ ಮೈ ಒತ್ತಿ ಮಲಗುತ್ತದೆ, ಇಲ್ಲವೇ ಬಲೆಯ ಮೇಲೆ ಹಾರುತ್ತದೆ. ಒಂದು ದಿನಕ್ಕೆ ಮುಗಿಯುವ ಕೆಲಸ ಇದಲ್ಲ. ವಾರ ಬಿಟ್ಟು ವಾರ ಮೂರ್ನಾಲ್ಕು ಸಲ ಎಳೆಯಬೇಕು. ಇನ್ನೊಂದು ವಿಷಯ ನೆನಪಿರಲಿ. ಗಾಬರಿಯಾದ ತಾಯಿ ಜಿಲೇಬಿ ಬಾಯಲ್ಲಿರುವ ಮರಿಗಳನ್ನು ಉಗುಳಿಬಿಡುತ್ತದೆ. ಹಾಗಾಗಿ ಬಲೆಯನ್ನು ನೀರಿನಲ್ಲಿ ಕೊಡವಬೇಡಿ. ದಡಕ್ಕೆ ಎಳೆದು, ಏರಿಯ ಮೇಲೆ ಸುರಿದು ಆಮೇಲೆ ಬಿಡಿಸಿ. ಅಂಗೈಗಿಂತ ದೊಡ್ಡದು ಮಾರಬಹುದು, ಸಣ್ಣದು ಒಣಗಿಸಬಹುದು. ಯಾವುದೂ ಹೊಂಡಕ್ಕೆ ವಾಪಸ್ ಹೋಗಬಾರದು.

ಕೆಲವರು ಹಿಪ್ಪೆ ಹಿಂಡಿ ಹಾಕಿ ಎಲ್ಲವನ್ನೂ ಕೊಂದು ಹೊಸದಾಗಿ ಶುರು ಮಾಡಿ ಅಂತ ಹೇಳಬಹುದು. ಅದು ಒಳ್ಳೆಯ ದಾರಿಯೇ. ಆದರೆ ನಿಮ್ಮ ಕಾಟ್ಲಾನೂ ಸಾಯುತ್ತದೆ. ಸರಾಸರಿ ಒಂದು ಮೀಟರ್ ಆಳ ಇದ್ದರೂ 250 ಕಿಲೋ ಹಿಂಡಿ ಬೇಕು. ಅದರ ವಿಷ ಇಳಿಯಲು ಎರಡು ಮೂರು ವಾರ ಕಾಯಬೇಕು. ಈಗಿರುವ ಮೀನನ್ನು ಮಾರಿದ ಮೇಲೆ ಹೊಂಡ ಪೂರ್ತಿ ಒಣಗಿಸಿ, ನೆಲ ಬಿರಿಯುವ ತನಕ ಬಿಸಿಲಿಗೆ ಬಿಟ್ಟರೆ ಹಿಂಡಿಯ ಖರ್ಚೂ ಉಳಿಯುತ್ತದೆ. ಈ ವರ್ಷಕ್ಕೆ ಬಲೆಯೇ ಸಾಕು.

ಇನ್ನು ಕುಚ್ಚು ಮರಿ 25 ಯಾಕೆ? ಜೀವಂತ ಮೀನು ತಿಂದು ಬೆಳೆಯುವ ಮೀನು ಒಂದು ಕಿಲೋ ಮೈ ಹಾಕಬೇಕಾದರೆ 5ರಿಂದ 10 ಕಿಲೋ ಮೀನು ತಿನ್ನಬೇಕು. 25ರಲ್ಲಿ 15 ಉಳಿದು, ವರ್ಷಕ್ಕೆ ಮುಕ್ಕಾಲು ಕಿಲೋ ತೂಗಿದರೆ ಒಟ್ಟು 11 ಕಿಲೋ ಕುಚ್ಚು. ಅಷ್ಟಕ್ಕೆ 55ರಿಂದ 110 ಕಿಲೋ ಜಿಲೇಬಿ ಮರಿ ಬೇಕು. ನಿಮ್ಮ ಹೊಂಡ ವರ್ಷದಲ್ಲಿ ಕೊಡಬಹುದಾದ ಮೇವು ಹೆಚ್ಚುಕಡಿಮೆ ಅಷ್ಟೇ. ನೂರು ಕುಚ್ಚು ಬಿಟ್ಟರೆ ಆರು ತಿಂಗಳಲ್ಲಿ ಜಿಲೇಬಿ ಮರಿ ಮುಗಿಯುತ್ತದೆ. ಆಮೇಲೆ ಅವು ಒಂದನ್ನೊಂದು ತಿನ್ನಲು ಶುರು ಮಾಡುತ್ತವೆ.

ಮರಿ ತರುವಾಗ ಎಲ್ಲವೂ ಒಂದೇ ಅಳತೆ ಇರಲಿ. ಒಂದು ಮರಿ ಉಳಿದವುಗಳ ಎರಡರಷ್ಟಿದ್ದರೆ ತಮ್ಮಂದಿರನ್ನೇ ನುಂಗುತ್ತದೆ. ಬಿಡುವ ದಿನ ಕುಚ್ಚು ನಾಲ್ಕೈದು ಇಂಚು, ಕಾಟ್ಲಾ ಹತ್ತು ಹನ್ನೆರಡು ಇಂಚು. ಈ ಅಂತರ ಕೊನೆಯವರೆಗೂ ಹಾಗೇ ಉಳಿಯುತ್ತದೆ, ಯಾಕೆಂದರೆ ಒತ್ತಡ ಕಡಿಮೆಯಾದ ಹೊಂಡದಲ್ಲಿ ಕಾಟ್ಲಾ ಕುಚ್ಚಿಗಿಂತ ಜೋರಾಗಿ ಬೆಳೆಯುತ್ತದೆ. ಬೆಂಗಳೂರಿನ ಹತ್ತಿರ ಹೆಸರಘಟ್ಟದಲ್ಲಿ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಇದೆ. ಮರಿ ತರುವ ಮುಂಚೆ ಅಲ್ಲಿ ಅಥವಾ ನಿಮ್ಮ ತಾಲ್ಲೂಕಿನ ಮೀನುಗಾರಿಕೆ ಇಲಾಖೆ ಕಚೇರಿಯಲ್ಲಿ ಒಂದು ಮಾತು ಕೇಳಿ. ಕುಚ್ಚು ಅಂತ ಹೇಳಿ ಆಫ್ರಿಕನ್ ಕ್ಯಾಟ್‌ಫಿಶ್ ಮರಿ ಕೊಡುವವರ ಹತ್ತಿರ ಹೋಗಬೇಡಿ. ಅದರ ಸಾಕಣೆಗೆ ನಿಷೇಧ ಇದೆ, ಹೊಂಡದಿಂದ ತಪ್ಪಿಸಿಕೊಂಡರೆ ಕೆರೆಗೆ ದೊಡ್ಡ ಹಾನಿ. ಮೀಸೆ ಇದ್ದರೆ ಅದು ಕುಚ್ಚಲ್ಲ. ಬಾಳೆ ಮೀನೂ ಬೇಡ. ಅದರ ಬಾಯಿಯ ಅಗಲಕ್ಕೆ ನಿಮ್ಮ ಕಾಟ್ಲಾನೂ ಸಾಲದು.

ಬಿಟ್ಟ ಮೇಲೆ ಹೊಂಡ ಹೇಗಿದೆ ಅಂತ ತಿಳಿಯುವುದು ಹೇಗೆ? ಎರಡು ತಿಂಗಳಿಗೊಮ್ಮೆ ದಡದ ಉದ್ದಕ್ಕೂ ಸೊಳ್ಳೆಪರದೆಯಂಥ ಸಣ್ಣ ಕಣ್ಣಿನ ಬಲೆ ಎಳೆಯಿರಿ, ಮಧ್ಯಕ್ಕೆ ಒಂದೆರಡು ಸಲ ಬೀಸುಬಲೆ ಹಾಕಿ. ಸಿಕ್ಕ ಜಿಲೇಬಿಯನ್ನು ಉದ್ದದ ಪ್ರಕಾರ ಸುಮ್ನೆ ಮೂರು ಗುಡ್ಡೆ ಮಾಡಿ ನೋಡಿ. ಒಂದಿಂಚಿನೊಳಗಿನ ಮರಿ ಬೇಕಾದಷ್ಟು, ಆರು ಇಂಚು ಮೀರಿದ ದಪ್ಪ ಮೀನು ಕೆಲವು, ನಡುವಿನದು ಕಡಿಮೆ ಅಂದರೆ ಕೆಲಸ ಸರಿಯಾಗಿ ನಡೆಯುತ್ತಿದೆ. ಹುಟ್ಟಿದ್ದನ್ನು ಕುಚ್ಚು ತಿನ್ನುತ್ತಿದೆ, ತಪ್ಪಿಸಿಕೊಂಡದ್ದು ಚೆನ್ನಾಗಿ ಬೆಳೆಯುತ್ತಿದೆ. ನಡುವಿನ ಗುಡ್ಡೆಯೇ ದೊಡ್ಡದಾಗಿ, ಮೀನಿನ ತಲೆ ದಪ್ಪ, ಮೈ ಸಣಕಲು ಇದ್ದರೆ ಜಿಲೇಬಿ ಮತ್ತೆ ಒತ್ತಾಗಿದೆ, ಬಲೆ ಎಳೆಯುವ ಹೊತ್ತು ಬಂದಿದೆ. ಮರಿಯೂ ಇಲ್ಲ, ನಡುವಿನದೂ ಇಲ್ಲ, ಸಿಕ್ಕ ಕುಚ್ಚಿನ ಹೊಟ್ಟೆ ಒಳಗೆ ಹೋಗಿದೆ ಅಂದರೆ ಕುಚ್ಚು ಜಾಸ್ತಿಯಾಗಿದೆ. ನಾಲ್ಕೈದು ಹಿಡಿದು ಸಾರು ಮಾಡಿ. ನಿಮ್ಮ ಈಗಿನ ಹೊಂಡ ಎರಡನೆಯ ಸ್ಥಿತಿಯಲ್ಲಿದೆ.

ಎಲ್ಲರೂ ಎಡವುವುದು ಮೀನು ಹಿಡಿಯುವ ಹಂತದಲ್ಲಿ. ಕುಚ್ಚಿಗೆ ಒಳ್ಳೆಯ ಬೆಲೆ ಇದೆ. ಗಾಳಿ ಉಸಿರಾಡುವ ಮೀನಾದ್ದರಿಂದ ಸಂತೆಗೆ ಜೀವಂತ ಒಯ್ಯಬಹುದು. ಹಾಗಾಗಿ ಜನ ದೊಡ್ಡ ಕುಚ್ಚನ್ನೆಲ್ಲ ಹಿಡಿದು ಮಾರುತ್ತಾರೆ. ಜಿಲೇಬಿಗೆ ಬೆಲೆ ಇಲ್ಲ ಅಂತ ಹಾಗೇ ಬಿಡುತ್ತಾರೆ. ಮೂರು ತಿಂಗಳಲ್ಲಿ ಹೊಂಡ ಮತ್ತೆ ಮೊದಲಿನಂತೆ. ಒಂದು ಕಿಲೋ ಕುಚ್ಚು ತೆಗೆದರೆ ಐದು ಕಿಲೋ ಜಿಲೇಬಿಯನ್ನೂ ತೆಗೆಯಿರಿ. ಮನೆಯಲ್ಲಿ ತಿನ್ನುವವರು ಇಲ್ಲದಿದ್ದರೆ ತೋಟಕ್ಕೆ ಬರುವ ಆಳುಗಳಿಗೆ ಕೊಡಿ. ತೆಗೆಯುವುದಂತೂ ಬಿಡಬೇಡಿ.

ಗಿಡಗಂಟಿಯ ವಿಷಯ. ಹೊಂಡದ ಐದನೇ ಒಂದು ಭಾಗಕ್ಕಿಂತ ಹೆಚ್ಚು ಗಿಡ ಇದ್ದರೆ ಮರಿಗಳು ಅದರೊಳಗೆ ಅಡಗಿ ಉಳಿದುಕೊಳ್ಳುತ್ತವೆ, ಕುಚ್ಚು ಉಪವಾಸ ಬೀಳುತ್ತದೆ. ಗಿಡವೇ ಇಲ್ಲದಿದ್ದರೆ ಹೊಂಚು ಹಾಕಲು ಮರೆ ಇಲ್ಲ. ಒಂದು ಮೂಲೆಯಲ್ಲಿ ಸ್ವಲ್ಪ ಗಿಡ, ಎರಡು ಕಟ್ಟು ತೆಂಗಿನ ಗರಿ ಇದ್ದರೆ ಸಾಕು. ಅಂತರಗಂಗೆ ಮಾತ್ರ ಒಂದು ಗಿಡವೂ ಬೇಡ. ಅದು ಮೇಲ್ಮೈ ಮುಚ್ಚಿದರೆ ಕುಚ್ಚಿಗೆ ಮೇಲೆ ಬಂದು ಗಾಳಿ ಕುಡಿಯಲು ಜಾಗ ಇರುವುದಿಲ್ಲ. ಗಾಳಿ ಸಿಗದ ಕುಚ್ಚು ನೀರಿನಲ್ಲೇ ಉಸಿರುಗಟ್ಟಿ ಸಾಯುತ್ತದೆ.

ಮೋಡ ಕವಿದ ದಿನಗಳಲ್ಲಿ ಬೆಳಗಿನ ಜಾವ ಹೊಂಡದ ಹತ್ತಿರ ಹೋಗಿ ನೋಡಿ. ಕಾಟ್ಲಾ ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿದೆ. ಕೂಡಲೇ ಮೋಟಾರ್ ಹಾಕಿ ನೀರು ಎತ್ತರದಿಂದ ಬೀಳುವಂತೆ ಮಾಡಿ, ಗೊಬ್ಬರ ನಿಲ್ಲಿಸಿ. ಇಂಥ ಒಂದು ಬೆಳಿಗ್ಗೆ ಕಾಟ್ಲಾ, ರೋಹು ಸತ್ತರೂ ಕುಚ್ಚಿಗೆ ಏನೂ ಆಗುವುದಿಲ್ಲ, ಜಿಲೇಬಿಯೂ ಬಹಳ ಮಟ್ಟಿಗೆ ತಡೆಯುತ್ತದೆ. ವರ್ಷದ ಲೆಕ್ಕಾಚಾರವೆಲ್ಲ ಒಂದೇ ರಾತ್ರಿಯಲ್ಲಿ ತಲೆಕೆಳಗಾಗುತ್ತದೆ. ನೀರುಕಾಗೆ, ಕೊಕ್ಕರೆ ಬರುತ್ತವೆ. ಬಿತ್ತನೆ ಬಿಟ್ಟ ಮೊದಲ ತಿಂಗಳು ಹೊಂಡದ ಮೇಲೆ ಅಡ್ಡಡ್ಡ ದಾರ ಕಟ್ಟಿದರೆ ಸಾಕು.

ಮುಂದಿನ ವರ್ಷ ಹೊಸ ಕಾಟ್ಲಾ ಬಿಡುವಾಗ ಹೊಂಡದಲ್ಲಿ ಒಂದಡಿ ಮೀರಿದ ಕುಚ್ಚು ಇದ್ದರೆ ನಾಲ್ಕು ಇಂಚಿನ ಮರಿ ಬಿಡಬೇಡಿ. ಬಿತ್ತನೆಯನ್ನು ಹಾಪಾದಲ್ಲಿ ಎಂಟು ಇಂಚು ಮೀರುವ ತನಕ ಸಾಕಿ ಬಿಡಿ. ಇಲ್ಲವೇ ಬೇಸಿಗೆಯಲ್ಲಿ ನೀರು ಇಳಿದಾಗ ಕುಚ್ಚನ್ನೆಲ್ಲ ಹಿಡಿದು ಮುಗಿಸಿ, ಮತ್ತೆ ಮರಿಯಿಂದ ಶುರು ಮಾಡಿ. ನನಗೆ ಎರಡನೆಯದೇ ಸುಲಭ ಅನ್ನಿಸುತ್ತದೆ, ಯಾಕೆಂದರೆ ಕುಚ್ಚು ಮಳೆ ಬಿದ್ದ ಕೂಡಲೇ ಹೊಂಡದಲ್ಲೇ ಮರಿ ಹಾಕುತ್ತದೆ. ಗಿಡದ ಬುಡದಲ್ಲಿ ಕೆಂಪು ಮರಿಗಳ ಗುಂಪು, ಕೆಳಗೆ ಕಾವಲು ನಿಂತ ತಂದೆತಾಯಿ ಕಂಡರೆ ಲೆಕ್ಕ ಕೈತಪ್ಪುತ್ತಿದೆ ಅಂತ ಅರ್ಥ. ಆ ಮರಿಗಳನ್ನು ಕೈಬಲೆಯಲ್ಲಿ ಎತ್ತಿಬಿಡಿ.

ಕೊನೆಯದಾಗಿ ಏರಿ ಮತ್ತು ತೂಬು. ಜೋರು ಮಳೆಯ ರಾತ್ರಿ ಕುಚ್ಚು ಒದ್ದೆ ನೆಲದ ಮೇಲೆ ತೆವಳಿಕೊಂಡು ಹೊಂಡ ಬಿಟ್ಟು ಹೋಗುತ್ತದೆ. ಏರಿಯ ಸುತ್ತ ಮೂರು ಅಡಿ ಎತ್ತರಕ್ಕೆ ನೈಲಾನ್ ಬಲೆ ಕಟ್ಟಿ. ಅದರ ಬುಡವನ್ನು ಅರ್ಧ ಅಡಿ ಮಣ್ಣಿನಲ್ಲಿ ಹೂಳಿ, ಮೇಲ್ತುದಿಯನ್ನು ಒಳಗಡೆಗೆ ಸ್ವಲ್ಪ ಬಾಗಿಸಿ. ನೀರು ಒಳಗೆ ಬರುವ ಬಾಯಿಗೂ ಹೊರಗೆ ಹೋಗುವ ಬಾಯಿಗೂ ಸಣ್ಣ ಕಣ್ಣಿನ ಜಾಲರಿ ಎರಡು ಪದರ ಹಾಕಿ. ಒಂದರಲ್ಲಿ ಕಸ ಕಟ್ಟಿದಾಗ ತೆಗೆದು ತೊಳೆಯಬೇಕಲ್ಲ, ಆಗ ಇನ್ನೊಂದು ಕಾಯುತ್ತಿರುತ್ತದೆ. ಕೆರೆಯ ಕೋಡಿ ನೀರು ನೇರವಾಗಿ ಹೊಂಡಕ್ಕೆ ಬರುವ ಕಾಲುವೆಯನ್ನು ಮಳೆಗಾಲಕ್ಕೆ ಮುಂಚೆಯೇ ಮಣ್ಣು ಹಾಕಿ ಬೇರೆ ಕಡೆ ತಿರುಗಿಸಿಬಿಡಿ. ಇದೊಂದು ಕೆಲಸ ಮಾಡದಿದ್ದರೆ ಬೇಸಿಗೆಯಲ್ಲಿ ಎಳೆದ ಬಲೆಯೆಲ್ಲ ಜುಲೈ ತಿಂಗಳ ಒಂದು ಮಳೆಗೆ ವ್ಯರ್ಥವಾಗುತ್ತದೆ.